ಊರಿನ ಹೆಸರು ಹೊತ್ತ ತಂಡ

ಹೆಸರಿಡುವುದು ಸುಲಭ, ಇಟ್ಟ ಹೆಸರಿಗೆ ತಕ್ಕಂತೆ ಬಾಳುವುದು ಕಷ್ಟ. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ’ ಎಂಬ ಗಾದೆ ಹುಟ್ಟಿದ್ದು ಈ ಕಷ್ಟದ ಅರಿವಿನಿಂದಲೇ ಇರಬೇಕು. ಮನುಷ್ಯರ ಮಾತು ಹಾಗಿರಲಿ, ಊರುಗಳ ಹೆಸರಿಗೂ ಈಗ ಇದೇ ಗತಿ ಒದಗಿದೆ. ಊರಿನ ಹೆಸರನ್ನು ಹಣ ತೆತ್ತು ಪಡೆಯಬಹುದು. ಅಂಗಿಯ ಮೇಲೆ ಅಚ್ಚು ಹಾಕಿಸಬಹುದು. ಆ ಅಂಗಿಯನ್ನು ತೊಟ್ಟು ಆಡಿ ಗೆಲ್ಲಲೂಬಹುದು. ಇಷ್ಟೆಲ್ಲ ನಡೆಯುವಾಗ ಆ ಊರಿನ ದಾರಿಯನ್ನು ಒಮ್ಮೆಯಾದರೂ ತುಳಿಯಬೇಕೆಂಬ ನಿಯಮವೇನೂ ಇಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಊರುಗಳಿಗೆ ಹೆಸರಿನ ಬಡತನ ಎಂದೂ ಬಂದುದಿಲ್ಲ. ಕೊಟ್ಟೂರೆಂದರೆ ಕೊಟ್ಟೂರೇಶ್ವರನ ತೇರು. ತೇರಿನ ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ. ಹಡಗಲಿಯೆಂದರೆ ಮಲ್ಲಿಗೆ, ಅದರ ಆಚೆಗೆ ಮೈಲಾರದ ಕಾರಣಿಕ. ಹಗರಿಬೊಮ್ಮನಹಳ್ಳಿಯ ಬಳಿ ಅಂಕಸಮುದ್ರದ ಕೆರೆಯಲ್ಲಿ ಹಕ್ಕಿಗಳ ಸಂತೆ. ಕೂಡ್ಲಿಗಿಯ ಗುಡೇಕೋಟೆಯ ಬಂಡೆಗಳ ನಡುವೆ ಕರಡಿಗಳ ಸಂಸಾರ. ಹರಪನಹಳ್ಳಿಯ ಸೀಮೆಯಲ್ಲಿ ಉಚ್ಚಂಗಿದುರ್ಗ, ಬಾಗಳಿಯ ಕಲ್ಲೇಶ್ವರ. ಇವೆಲ್ಲವೂ ಆಯಾ ಊರಿನ ಮಣ್ಣಿನಲ್ಲಿ ಬೇರುಬಿಟ್ಟು ಗಳಿಸಿದ ಹೆಸರುಗಳು.

ಇಂಥ ಸೀಮೆಗೆ ಹಣದ ಆಟ ಬಂದ ಬಗೆಯನ್ನು ನೋಡಬೇಕು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಇಪ್ಪತ್ತು ಓವರುಗಳ ಕ್ರಿಕೆಟ್ ಪಂದ್ಯಾವಳಿ ಆರಂಭವಾಯಿತು. ಎಂಟು ತಂಡಗಳು, ಅವುಗಳಲ್ಲಿ ಬೆಳಗಾವಿ, ಬಿಜಾಪುರ, ಮಂಗಳೂರು, ಮೈಸೂರುಗಳ ಹೆಸರಿನ ತಂಡಗಳ ಜೊತೆಗೆ ‘ದಾವಣಗೆರೆ ಡೈಮಂಡ್ಸ್’ ಎಂಬುದೊಂದು. ದಾವಣಗೆರೆಯಲ್ಲಿ ವಜ್ರದ ಗಣಿಯಿಲ್ಲ, ಬೆಣ್ಣೆ ದೋಸೆಯುಂಟು. ಮುಂದಿನ ವರ್ಷಗಳಲ್ಲಿ ದಾವಣಗೆರೆಯ ತಂಡ ಮರೆಯಾಯಿತು. ‘ಬಳ್ಳಾರಿ ಟಸ್ಕರ್ಸ್’ ಕಾಣಿಸಿಕೊಂಡಿತು. ಟಸ್ಕರ್ ಎಂದರೆ ಕೋರೆಯ ಸಲಗ. ದರೋಜಿಯಲ್ಲಿಯೂ ಗುಡೇಕೋಟೆಯಲ್ಲಿಯೂ ತಲೆತಲಾಂತರದಿಂದ ವಾಸವಾಗಿರುವ ಕರಡಿಗಳಿಗೆ ಇದರಿಂದ ಅಸಮಾಧಾನವಾಗಿದ್ದರೆ ತಪ್ಪೇನೂ ಇಲ್ಲ. ಹಂಪಿಯ ಆನೆಸಾಲುಗಳನ್ನು ನೆನೆದು ಸಲಗವನ್ನು ಕ್ಷಮಿಸಬಹುದು. ಆದರೆ ಆ ಆನೆಸಾಲುಗಳು ಬರಿದಾಗಿ ನಾಲ್ಕೂವರೆ ಶತಮಾನಗಳಾದುವು.

ಇದರ ನಡುವೆ ಹರಪನಹಳ್ಳಿಯ ಕ್ರೀಡಾಭಿಮಾನಿಯ ಅವಸ್ಥೆಯನ್ನು ಊಹಿಸಿಕೊಳ್ಳಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಅವನ ತಾಲ್ಲೂಕು 1997ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. ಆದುದರಿಂದ 2009ರಲ್ಲಿ ಅವನು ವಜ್ರಗಳ ಪಕ್ಷ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. ಅವನು ಸಲಗದ ಪಕ್ಷಕ್ಕೆ ಬಂದ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆ ಹುಟ್ಟಿತು. ಈ ಐದು ಊರುಗಳೂ ಅದರ ಪಾಲಾದುವು. ಹಾಗಾಗುವ ಹೊತ್ತಿಗೆ ಸಲಗವೂ ಇರಲಿಲ್ಲ. ಸರ್ಕಾರದ ಕಡತಗಳಲ್ಲಿ ಜಿಲ್ಲೆ ಬದಲಾಗುತ್ತದೆ. ಮನೆಯ ಹೊಸ್ತಿಲು ಬದಲಾಗುವುದಿಲ್ಲ. ಜಿಲ್ಲೆಯ ಹೆಸರನ್ನೇ ನೆಚ್ಚಿ ಕಟ್ಟಿದ ಅಭಿಮಾನಕ್ಕೆ ನೆಲೆ ಎಲ್ಲಿಯದು?

ಟಸ್ಕರ್ಸ್ ತಂಡವೇನೂ ಕೈಲಾಗದ ತಂಡವಾಗಿರಲಿಲ್ಲ. 2019ರಲ್ಲಿ ಅದು ಅಂತಿಮ ಪಂದ್ಯದವರೆಗೆ ನಡೆದು, ಹುಬ್ಬಳ್ಳಿಯ ತಂಡಕ್ಕೆ ಕೇವಲ 8 ಓಟಗಳಿಂದ ಸೋತಿತು. ಆದರೆ ಆ ಲೀಗಿನ ಆಟಗಳು ನಡೆಯುತ್ತಿದ್ದುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಂಥ ದೊಡ್ಡ ಊರುಗಳಲ್ಲಿ. ಕೂಡ್ಲಿಗಿಯ ಕಡೆ ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಎಷ್ಟೋ ಕುಟುಂಬಗಳು ಕೂಲಿಗಾಗಿ ಬೆಂಗಳೂರಿಗೆ ಹೊರಡುತ್ತವೆ. ತನ್ನ ಜಿಲ್ಲೆಯ ತಂಡವನ್ನು ಕಣ್ಣಾರೆ ಕಾಣುವ ಭಾಗ್ಯ ಕೂಡ್ಲಿಗಿಯಲ್ಲಿ ಉಳಿದ ಅಣ್ಣನಿಗಿಂತ ಗುಳೆ ಹೋದ ತಮ್ಮನಿಗೇ ಹೆಚ್ಚು ಎಂಬುದು ಈ ಏರ್ಪಾಟಿನ ವಿಪರ್ಯಾಸ. ಅವನಿಗಾದರೂ ಕೂಲಿ ಮುಗಿಸಿ ಕ್ರೀಡಾಂಗಣದತ್ತ ನಡೆಯಲು ಬಿಡುವಿತ್ತೆಂದಲ್ಲ.

ಅದೇ ವರ್ಷ ಲೀಗಿನ ಮೇಲೆ ಬಾಜಿ ಮತ್ತು ಮೋಸದಾಟದ ಆಪಾದನೆ ಬಂದಿತು. ಪೊಲೀಸರು ತನಿಖೆ ನಡೆಸಿದರು, ಬಂಧನಗಳಾದುವು. ಮುಂದೆ 2022ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ಪಂದ್ಯದ ಫಲವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ದಂಡಸಂಹಿತೆ ಹೇಳುವ ವಂಚನೆಯ ಅಪರಾಧವಾಗದೆಂದೂ, ಅಂಥದಕ್ಕೆ ಶಿಸ್ತಿನ ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಯದೆಂದೂ ಹೇಳಿ ಮೊಕದ್ದಮೆಯನ್ನು ರದ್ದುಪಡಿಸಿತು. ಚೀಟಿ ಕೊಂಡ ಪ್ರೇಕ್ಷಕ ತಾನಾಗಿಯೇ ಹಣ ಕೊಟ್ಟವನು, ಅವನನ್ನು ಯಾರೂ ಪುಸಲಾಯಿಸಲಿಲ್ಲ ಎಂಬುದು ತರ್ಕ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಚೀಟಿಯನ್ನೂ ಕೊಳ್ಳದೆ, ಹೋಟೆಲಿನ ಟೆಲಿವಿಷನ್ನಿನ ಮುಂದೆ ನಿಂತು ‘ನಮ್ಮ ಬಳ್ಳಾರಿ’ ಎಂದು ಉಸಿರು ಬಿಗಿಹಿಡಿದ ಹಗರಿಬೊಮ್ಮನಹಳ್ಳಿಯ ಹುಡುಗ ಕೊಟ್ಟುದು ಹಣವಲ್ಲ, ಮನಸ್ಸು. ಮನಸ್ಸು ಕಳೆದುಕೊಂಡವನಿಗೆ ಯಾವ ಕಲಮಿನಡಿಯಲ್ಲಿಯೂ ಪರಿಹಾರವಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆಟ ಮತ್ತೆ ಆರಂಭವಾದಾಗ ತಂಡಗಳು ಆರು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿ. ಬಳ್ಳಾರಿಯೂ ಇಲ್ಲ, ದಾವಣಗೆರೆಯೂ ಇಲ್ಲ. ಆ ಎರಡರ ನಡುವಿನ ಹರಪನಹಳ್ಳಿಗೆ ಹಿಡಿಯಲು ಪಕ್ಷವೇ ಉಳಿಯಲಿಲ್ಲ.

ಇದು ಕ್ರಿಕೆಟ್ಟಿನದೊಂದೇ ರೋಗವಲ್ಲ. ಮಣ್ಣಿನ ಆಟವೆನ್ನಿಸಿದ ಕಬಡ್ಡಿಯ ವೃತ್ತಿಪರ ಲೀಗು 2014ರಲ್ಲಿ 8 ತಂಡಗಳೊಡನೆ ಹುಟ್ಟಿ 2017ರಲ್ಲಿ 12ಕ್ಕೆ ಬೆಳೆಯಿತು. ಹಾಗೆ ಬೆಳೆದ ವರ್ಷವೇ ಬೆಂಗಳೂರಿನ ತಂಡ ತನ್ನ ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು! ಮಗಳ ಬಾಣಂತನವನ್ನು ಬೇರೆಯವರ ತವರಿನಲ್ಲಿ ಮಾಡಿದಂತೆ.

ದೂರದ ಫ್ರಾನ್ಸಿನಲ್ಲಿ ಇದೇ ಪ್ರಶ್ನೆ ಇನ್ನೊಂದು ಆಟದ ಮೂಲಕ ಎದ್ದಿತ್ತು. ತಂಡಕ್ಕೆ ಹದಿಮೂರು ಜನರಿದ್ದು ಆಡುವ ರಗ್ಬಿ ಲೀಗ್ ಇಂಗ್ಲೆಂಡಿನ ಉತ್ತರ ಭಾಗದ ಗಣಿ–ಗಿರಣಿಗಳ ಊರುಗಳಲ್ಲಿ ಬೆಳೆದ ಆಟ. ಫ್ರಾನ್ಸಿನ ದಕ್ಷಿಣದಲ್ಲಿ ಅದು 1930ರ ದಶಕದಲ್ಲಿ ಬೇರುಬಿಟ್ಟಿತು. 1941ರಲ್ಲಿ ವಿಶಿ ಸರ್ಕಾರ ಅದನ್ನು ನಿಷೇಧಿಸಿ ಸಂಸ್ಥೆಯ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಂಡಿತು. ಯುದ್ಧ ಮುಗಿದ ಮೇಲೂ ಬಹುಕಾಲ ‘ರಗ್ಬಿ’ ಎಂಬ ಹೆಸರನ್ನು ಬಳಸುವ ಹಕ್ಕಿಲ್ಲದೆ, ‘ಹದಿಮೂರರ ಆಟ’ ಎಂದು ಕರೆಯಿಸಿಕೊಂಡು ಅದು ಬದುಕಬೇಕಾಯಿತು. 1996ರಲ್ಲಿ ಇಂಗ್ಲೆಂಡಿನ ಸೂಪರ್ ಲೀಗಿನವರು ಫ್ರಾನ್ಸಿಗೆ ಕಾಲಿಟ್ಟಾಗ ಆಯ್ದುದು ರಾಜಧಾನಿ ಪ್ಯಾರಿಸನ್ನು. ಮೊದಲ ಪಂದ್ಯಕ್ಕೆ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಎರಡೇ ವರ್ಷಗಳಲ್ಲಿ ತಂಡ ಮುಚ್ಚಿತು. 2006ರಲ್ಲಿ ಸೇರಿಸಿಕೊಂಡ ಪರ್ಪಿನ್ಯಾನ್ ಎಂಬ ದಕ್ಷಿಣದ ಸಣ್ಣ ಪಟ್ಟಣದ ತಂಡವಾದರೋ ನಿಂತಿತು. 2018ರಲ್ಲಿ ಇಂಗ್ಲಿಷರ ಚಾಲೆಂಜ್ ಕಪ್ಪನ್ನೇ ಗೆದ್ದು ತಂದಿತು. ಪ್ಯಾರಿಸ್ಸಿಗೆ ಜನಬಲವಿತ್ತು, ಹೆಸರಿತ್ತು. ಆದರೆ ಆ ಆಟವನ್ನು ಅಜ್ಜನಿಂದ ಮೊಮ್ಮಗ ಕಲಿತ ಮನೆಗಳಿದ್ದುದು ದಕ್ಷಿಣದಲ್ಲಿ. ಹೆಸರೇ ಕಳೆದುಹೋದಾಗಲೂ ಆಟವನ್ನು ಬಿಡದಿದ್ದ ಊರುಗಳು ಅವು.

ಈ ವಿಷಯದಲ್ಲಿ ನಮ್ಮ ನಾಡಿನ ಹಳೆಯ ವೃತ್ತಿನಾಟಕ ಕಂಪನಿಗಳು ಇಂದಿನ ಲೀಗುಗಳಿಗಿಂತ ಜಾಣರು. ಅವೂ ಹಣಕ್ಕಾಗಿಯೇ ಬಂದವು, ಅವೂ ಹೊಸ ಹೊಸ ಊರುಗಳನ್ನು ಹುಡುಕಿಕೊಂಡು ಹೊರಟವು. ಆದರೆ ಪರದೆ, ಪೆಟ್ಟಿಗೆ, ಹೆಂಡತಿ ಮಕ್ಕಳ ಸಮೇತ ಬಂದು ತಿಂಗಳುಗಟ್ಟಲೆ ಬಿಡಾರ ಹೂಡಿದವು. ಊರಿನ ಅಂಗಡಿಯಲ್ಲಿ ಸಾಲ ಮಾಡಿದವು, ಸಾಲ ತೀರಿಸಿದವು. ಕಂಪನಿ ಹೊರಟುಹೋದ ಮೇಲೂ ಊರಿನ ಹುಡುಗರು ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ಹಡಗಲಿಯ ಎಂ. ಪಿ. ಪ್ರಕಾಶರು ರಾಜಕಾರಣದ ಗದ್ದಲದ ನಡುವೆಯೂ ರಂಗಭಾರತಿಯನ್ನು ಕಟ್ಟಿದ್ದು, ನಾಟಕದ ಹುಚ್ಚು ಹಿಡಿದ ಇಂಥ ಸೀಮೆಯಲ್ಲಿಯೇ.

ವೃತ್ತಿಪರ ಆಟ ಬೇಡವೆಂದು ಇದರ ಅರ್ಥವಲ್ಲ. ಆಟದಿಂದ ಅನ್ನ ಹುಟ್ಟುವುದಾದರೆ ಅದು ದೊಡ್ಡ ಮಾತು. ಜಿಲ್ಲೆಗಳ ಎಷ್ಟೋ ಹುಡುಗರಿಗೆ ಈ ಲೀಗುಗಳು ದಾರಿ ತೋರಿಸಿವೆ. ಆದರೆ ಕೊಟ್ಟೂರಿನ ತೇರನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಮಿಣಿಗೆ ಊರವರು ಕೈಹಚ್ಚುವವರೆಗೆ ಅದು ಅಲಂಕಾರ ಮಾಡಿದ ಮರದ ರಾಶಿ. ಕೈಹಚ್ಚಿದ ಮೇಲೆಯೇ ತೇರು. ವರ್ಷಕ್ಕೆ ಎರಡು ಪಂದ್ಯಗಳು ಹರಪನಹಳ್ಳಿಯ ಬಯಲಿನಲ್ಲಿ ನಡೆಯಲಿ. ಅಂಗಿ ತೊಟ್ಟ ಹನ್ನೊಂದು ಜನರಲ್ಲಿ ಒಬ್ಬನಾದರೂ ಕೂಡ್ಲಿಗಿಯ ಶಾಲೆಯಲ್ಲಿ ಓದಿದವನಿರಲಿ. ಗಳಿಸಿದ ಹಣದಲ್ಲಿ ಒಂದು ಪಾಲು ಹಗರಿಬೊಮ್ಮನಹಳ್ಳಿಯ ಆಟದ ಮೈದಾನಕ್ಕೆ ಬರಲಿ. ಆಗ ಹೆಸರು ಬೇಡಿದರೆ ಕೊಡಲು ಊರು ಹಿಂಜರಿಯುವುದಿಲ್ಲ.

ಹಡಗಲಿಯ ಮಲ್ಲಿಗೆ ದಿನವೂ ಬುಟ್ಟಿಯಲ್ಲಿ ಕುಳಿತು ಪರಸ್ಥಳಕ್ಕೆ ಹೋಗುತ್ತದೆ. ಹೋದಲ್ಲೆಲ್ಲ ಊರಿನ ಹೆಸರು ಹೇಳುತ್ತದೆ. ಅದು ಊರಿನ ಹೆಸರನ್ನು ಯಾರಿಂದಲೂ ಕೊಂಡುದಲ್ಲ. ಊರಿನ ನೀರು ಕುಡಿದು ಅರಳಿದ್ದರಿಂದ ಅದಕ್ಕೆ ಆ ಹೆಸರು ಹತ್ತಿತು.