ಚಿಗರಿಯ ಬೆನ್ನು ಹತ್ತಿ

ಕಾಡುಪ್ರಾಣಿಗಳ ಛಾಯಾಚಿತ್ರ ತೆಗೆಯಬೇಕೆನ್ನುವವರು ಕಾಡಿಗೆ ಹೋಗುವುದು ವಾಡಿಕೆ. ನಾವು ಹೋದುದು ಹೊಲಕ್ಕೆ. ಕಲಬುರ್ಗಿ ಜಿಲ್ಲೆಯಲ್ಲಿ ಕಾಡೇ ಇಲ್ಲವೆಂದಲ್ಲ. ಮೂಡಣದ ಚಿಂಚೋಳಿಯ ಅಡವಿಯನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಿದ್ದಾರೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳೆಂದರೆ ಕಣ್ಣು ಹರಿಯುವವರೆಗೂ ಎರೆಯ ಬಯಲು. ತೊಗರಿ, ಜೋಳ, ಕಡಲೆ, ನಡುನಡುವೆ ಒಂದೊಂದು ಬನ್ನಿಯ ಗಿಡ. ಇಲ್ಲಿಯ ಮೃಗಗಳಿಗೆ ರೈತನ ಹೊಲವೇ ಮನೆ. ಗ್ರಂಥಗಳಲ್ಲಿ ಕೃಷ್ಣಮೃಗವೆನಿಸಿಕೊಳ್ಳುವ ಪ್ರಾಣಿಯನ್ನು ಈ ಕಡೆ ಚಿಗರಿಯೆನ್ನುತ್ತಾರೆ. ಜನರು ಜಿಂಕೆಯೆಂದು ಕರೆದರೂ ಅದು ನಿಜವಾದ ಜಿಂಕೆಯಲ್ಲ. ಜಿಂಕೆಯ ಕೋಡು ಕವಲೊಡೆದು ವರ್ಷಕ್ಕೊಮ್ಮೆ ಉದುರುವುದು. ಚಿಗರಿಯ ಕೋಡು ಹುರಿಗೊಂಡು ನೆಟ್ಟಗೆ ಏರುವುದು, ಎಂದೂ ಉದುರದು. ಅದರ ಒಂದು ಒಳ್ಳೆಯ ಚಿತ್ರವನ್ನು ನನ್ನ ಕೈಯಾರೆ ತೆಗೆಯಬೇಕೆಂಬುದು ನನ್ನ ಬಹುದಿನದ ಆಸೆ.

ನಾನೂ ನನ್ನ ಸೋದರಳಿಯನೂ ಮೈಸೂರು ಸೀಮೆಯವರು. ಹೊರಡುವ ದಿನವನ್ನು ಗೊತ್ತುಮಾಡಿದವನು ನಾನೇ. ರಜೆಯನ್ನು ನೋಡಿದೆನೇ ಹೊರತು ಪಂಚಾಂಗವನ್ನು ನೋಡಲಿಲ್ಲ. ಅದರ ಫಲವನ್ನು ಮುಂದೆ ಹೇಳುವೆನು.

ಬೆಳಗಿನ ನಾಲ್ಕು ಗಂಟೆಗೆ ಕಲಬುರ್ಗಿಯನ್ನು ಬಿಟ್ಟು, ಮಬ್ಬುಗತ್ತಲೆ ಹರಿಯುವ ಮುನ್ನ ಆಳಂದ ತಾಲೂಕಿನ ಕೊರಳ್ಳಿಯ ಬಳಿ ಅಮರ್ಜಾ ಹೊಳೆಗೆ ಕಟ್ಟಿದ ಜಲಾಶಯವನ್ನು ಸೇರಿದೆವು. ನೀರಿನ ಅಂಚಿನಲ್ಲಿ ಜಕ್ಕವಕ್ಕಿಗಳಿದ್ದವು. ನಮ್ಮ ಹಳೆಯ ಕವಿಗಳ ಚಕ್ರವಾಕವೇ ಇದು. ಮೈಯೆಲ್ಲ ಕಾವಿಯ ಬಣ್ಣ, ತಲೆ ತುಸು ತಿಳಿ. ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ನಮ್ಮ ನಾಡಿಗೆ ಇಳಿಯುತ್ತವೆ. ಇರುಳಾದೊಡನೆ ಈ ಹಕ್ಕಿಯ ದಂಪತಿಗಳು ಅಗಲಿ, ಆಚೆಯ ದಡದಲ್ಲೊಂದು ಈಚೆಯ ದಡದಲ್ಲೊಂದು ಕುಳಿತು ಗೋಳಿಡುವುವೆಂದು ಕವಿಸಮಯ. ನಾವು ಹೋದಾಗ ಇನ್ನೂ ಇರುಳೇ. ಆದರೂ ಅವು ಜೋಡಿ ಜೋಡಿಯಾಗಿ ಒತ್ತಿನಲ್ಲಿಯೇ ನಿಂತಿದ್ದವು. ಕವಿಗಳು ಬೆಳಗಿನ ಜಾವದಲ್ಲಿ ಕೆರೆಯ ಕಡೆಗೆ ಹೋಗುತ್ತಿರಲಿಲ್ಲವೆಂದು ತೋರುತ್ತದೆ.

ಬೆಳಕು ಬರಲೆಂದು ಕಾದೆವು. ಬಂದಿತು. ಆಗ ಅಳಿಯನು ಚೆನ್ನಾಗಿ ಕಾಣಲೆಂದು ಎದ್ದು ನಿಂತನು. ಒಂದೇ ಕ್ಷಣದಲ್ಲಿ ಹಿಂಡೆಲ್ಲ ಕೂಗುತ್ತ ಆಚೆಯ ದಡಕ್ಕೆ ಹಾರಿಹೋಯಿತು. ಬಯಲುಸೀಮೆಯ ಪ್ರಾಣಿಗಳು ಮೋಟಾರಿಗೆ ಅಷ್ಟಾಗಿ ಹೆದರುವುದಿಲ್ಲ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಆಕೃತಿಗೆ ಹೆದರುತ್ತವೆ. ಸಂಡೂರಿನ ಎಂ. ವೈ. ಘೋರ್ಪಡೆಯವರು, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ಮೊದಲಾದವರು ಈ ಕಲೆಯಲ್ಲಿ ಹೆಸರು ಪಡೆದುದು ಯಂತ್ರದ ಬಲವೊಂದರಿಂದಲೇ ಅಲ್ಲ, ಕಾದು ಕುಳಿತುಕೊಳ್ಳುವ ಬಲದಿಂದ. ನನ್ನ ಅಳಿಯನಿಗೆ ಯಂತ್ರ ಹೊಸದು, ವಯಸ್ಸು ಹದಿನೇಳು.

ಅಮರ್ಜಾ ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ ದತ್ತಭಕ್ತರ ಸಂದಣಿಯೋ ಸಂದಣಿ. ಅಮಾವಾಸ್ಯೆಯೆಂದು ಆಗ ತಿಳಿಯಿತು. ಹೊರಗಿನಿಂದಲೇ ಕೈಮುಗಿದು ಮುಂದೆ ಸಾಗಿದೆವು.

ಅಫಜಲಪುರದ ಬಯಲಿನಲ್ಲಿ ಒಂದು ಸೆಳೆವ ಜೋಳದ ತೆನೆಗಳ ಮೇಲೆ ಓಲಾಡುತ್ತ ತೇಲುತ್ತಿತ್ತು. ಹಾವು, ಇಲಿ, ಮಿಡತೆಗಳನ್ನು ಹುಡುಕುವ ಈ ಗಿಡುಗವೂ ಚಳಿಗಾಲದ ಅತಿಥಿಯೇ. ಅದನ್ನು ನೋಡುತ್ತಿದ್ದಾಗ ಕಾಣದ ಇನ್ನೊಂದು ಹಕ್ಕಿಯ ನೆನಪಾಯಿತು. ಎರೆಯ ನೆಲದ ಹೆಸರನ್ನೇ ಹೊತ್ತ ಎರೆಭೂತವು ಹುಲ್ಲುಗಾವಲಿನ ಹಕ್ಕಿ. ಹದಿನೈದು ಕಿಲೋಗ್ರಾಂ ತೂಗಬಲ್ಲ ಗಂಡು, ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಹೆಣ್ಣು. ಇದನ್ನು ರಾಷ್ಟ್ರಪಕ್ಷಿಯಾಗಿ ಮಾಡಬೇಕೆಂದು ಸಾಲಿಂ ಅಲಿಯವರು ಬಯಸಿದ್ದರು. ಅಫಜಲಪುರದ ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ೧೯೭೯ರಲ್ಲಿ ಇದಕ್ಕಾಗಿಯೇ ಅಭಯಾರಣ್ಯ ಮಾಡಿದರು. ಹುಲ್ಲುಗಾವಲುಗಳು ಉಳುಮೆಗೆ ಬಂದವು. ಬೇಟೆಯೂ ನಡೆಯಿತು, ವಿದ್ಯುತ್ತಂತಿಗಳೂ ಬಂದವು. ಇಂದು ಈ ಬಯಲಿನಲ್ಲಿ ಅದರ ಚಿತ್ರಕ್ಕಾಗಿ ಕಾಯುವುದು ವ್ಯರ್ಥ.

ಚಿಗರಿಗಾಗಿ ಕಾಯುವುದೂ ಅಂದು ವ್ಯರ್ಥವೆನಿಸಿತು. ಯಾವ ಹೊಲವನ್ನು ನೋಡಿದರೂ ಜನ! ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೆಂಗಸರು, ಮಕ್ಕಳು, ಬುತ್ತಿಯ ಬುಟ್ಟಿಗಳು. "ಏನಿದು ಜಾತ್ರೆ?" ಎಂದು ಮೋಟಾರು ನಡೆಸುವವನನ್ನು ಕೇಳಿದೆನು. ಅವನು ಬೆರಗಾಗಿ, "ಎಳ್ಳಮಾಸಿ ಅಲ್ರಿ ಸರ? ನೀವು ಚರಗ ನೋಡಾಕ ಬಂದೀರಿ ಅಂತ ತಿಳ್ಕೊಂಡಿದ್ದೆ" ಎಂದನು. ಸೀಮೆಗೆ ಸೀಮೆಯೇ ಹೊಲದಲ್ಲಿರುವ ದಿನವನ್ನು ಹುಡುಕಿ ನಾವು ಚಿಗರಿಯ ಚಿತ್ರಕ್ಕೆ ಬಂದಿದ್ದೆವು.

ಒಂದು ಬನ್ನಿಯ ಗಿಡದ ನೆರಳಿನಿಂದ ವೃದ್ಧ ರೈತರೊಬ್ಬರು ಕೈಬೀಸಿ ಕರೆದರು. ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜೆ ಮುಗಿಸಿದ್ದರು. ಅವರ ಮಗನು ಅಡುಗೆಯನ್ನೆಲ್ಲ ಕಲಸಿದ ಚರಗವನ್ನು ಹೊಲದ ಸುತ್ತ ಚೆಲ್ಲುತ್ತ ನಡೆದನು. ಹಿಂದಿನಿಂದ ಗೊರವಂಕಗಳು ಇಳಿದು ಹೆಕ್ಕಿದವು. ಅಳಿಯನಿಗೆ ಅಂದಿನ ಮೊದಲ ಒಳ್ಳೆಯ ಹಕ್ಕಿಚಿತ್ರ ಸಿಕ್ಕಿದುದು ಇಲ್ಲಿಯೇ. ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸಿದ ಮನೆಯ ಹಿರಿಯಳು, "ಇನ್ನೊಂದು ಹಾಕ್ಕೋ ತಮ್ಮಾ, ಹೊಲದಾಗ ಉಂಡದ್ದು ಹೊಟ್ಟಿಗಿ ಭಾರ ಆಗಂಗಿಲ್ಲ" ಎಂದು ಅವನನ್ನು ಬಿಡಲಿಲ್ಲ.

ನಾವು ಬಂದ ಕಾರಣ ತಿಳಿದಾಗ ಯಜಮಾನರು ನಕ್ಕರು. "ಚಿಗರಿ ಚಿತ್ರ ತಗೀರಿ, ಬ್ಯಾಡ ಅನ್ನಂಗಿಲ್ಲ. ಅವು ತಿಂದು ಹೋದ ಕಡ್ಲಿದೂ ಒಂದು ತಗೀರಿ ಮತ್ತ" ಎಂದು ಎದ್ದು ಕರೆದೊಯ್ದರು. ಹೊಲದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆಯ ಸಾಲು ಬಿತ್ತಿದ್ದರು. ದನಕ್ಕೆ ಅದು ಬೇಲಿ; ಒಂದೇ ನೆಗೆತಕ್ಕೆ ದಾಟುವ ಚಿಗರಿಗೆ ಆಟ. ಕಡಲೆಯ ಸಾಲುಗಳ ಕುಡಿಯೆಲ್ಲ ಕತ್ತರಿಸಿದಂತೆ ಹೋಗಿ, ಮೋಟು ಕಡ್ಡಿ ನಿಂತಿತ್ತು. ಮನೆಯವರು ಸರದಿಯಂತೆ ರಾತ್ರಿಯೆಲ್ಲ ಕಾವಲಿರುತ್ತಾರಂತೆ. ೧೯೭೨ರ ವನ್ಯಜೀವಿ ಶಾಸನದಂತೆ ಚಿಗರಿಯನ್ನು ಕೊಲ್ಲುವುದು ಸೆರೆಮನೆಯ ಅಪರಾಧ. "ಕೊಲ್ಲಾಕ ನಮಗೂ ಮನಸಿಲ್ರಿ. ಅದೂ ಜೀವ. ಆದ್ರ ಬೀಜದ ಸಾಲ ಅದಕ್ಕ ತಿಳಿತದೇನ್ರಿ?" ಎಂದರು. ಬೆಳೆಯ ಹಾನಿಗೆ ಸರ್ಕಾರದಿಂದ ಪರಿಹಾರ ಕೇಳಬಹುದು, ಅರ್ಜಿಯೊಡನೆ ಚಿತ್ರವಿರಬೇಕು. ಅವರ ಕೈಯ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಬರಿಯ ಹಸಿರು ಮಸುಕಾಗಿತ್ತು. ನಾನು ಎರೆಯ ಮೇಲೆ ಮೊಣಕಾಲೂರಿ, ಮೊಟಕಾದ ಗಿಡಗಳನ್ನೂ, ಪಕ್ಕದ ಮಣ್ಣಿನಲ್ಲಿ ಮೂಡಿದ್ದ ಗೊರಸಿನ ಗುರುತುಗಳನ್ನೂ, ಹೊಲದ ಎಲ್ಲೆಯ ಕಲ್ಲನ್ನೂ ಸಾವಧಾನವಾಗಿ ತೆಗೆದೆನು. ಇಪ್ಪತ್ತೆಂಟು ಚಿತ್ರಗಳಾದವು. ಜಕ್ಕವಕ್ಕಿಗೂ ಅಷ್ಟು ತಾಳ್ಮೆಯನ್ನು ನಾನು ತೋರಿರಲಿಲ್ಲ.

ಮಧ್ಯಾಹ್ನ ಚಿತ್ರದ ಹೊತ್ತಲ್ಲ. ಕಾದ ಕರಿಯ ನೆಲದ ಮೇಲಿನ ಗಾಳಿ ನಡುಗುವುದು. ದೂರದರ್ಶಕ ಮಸೂರವು ಮೃಗದೊಡನೆ ಆ ನಡುಕವನ್ನೂ ಹಿಗ್ಗಿಸುವುದು. ಬಿಸಿಲ್ಗುದುರೆಗೆ ಹಿಂದಿನವರು ಮೃಗತೃಷ್ಣೆಯೆಂದು ಹೆಸರಿಟ್ಟುದು ಇಂಥ ಬಯಲನ್ನು ಕಂಡೇ ಇರಬೇಕು.

ಇಳಿಹೊತ್ತಿಗೆ ಭೀಮೆಯನ್ನು ದಾಟಿ ಜೇವರ್ಗಿಯ ಕಡೆಗೆ ಬಂದೆವು. ಜನರು ಮನೆಗೆ ಮರಳುತ್ತಿದ್ದರು. ಬೀಳುಬಿದ್ದ ಒಂದು ತುಂಡು ನೆಲದಲ್ಲಿ ಹಿಕ್ಕೆಯ ಗುಡ್ಡೆ ಕಂಡಿತು. ಗಂಡು ಚಿಗರಿಯು ತನ್ನ ಎಲ್ಲೆಯನ್ನು ಸಾರಲು ಒಂದೇ ತಾಣದಲ್ಲಿ ಹಿಕ್ಕೆ ಹಾಕುವುದು. ಅಲ್ಲಿಗೆ ಅದು ಮರಳಿ ಬರುವುದೆಂದು ಎಣಿಸಿ, ಮೋಟಾರನ್ನು ದೂರದಲ್ಲಿ ನಿಲ್ಲಿಸಿ ಅದರೊಳಗೇ ಕುಳಿತೆವು. ಮುಕ್ಕಾಲು ಗಂಟೆಯ ಮೇಲೆ ತೊಗರಿಯ ಮರೆಯಿಂದ ಒಂದು ಹೆಣ್ಣು, ಮತ್ತೆ ಆರು, ಕೊನೆಗೆ ಅವನು. ಮೇಲೆ ಕಪ್ಪು, ಅಡಿಯಲ್ಲಿ ಬೆಳ್ಳನೆ ಬಿಳಿ, ಕಣ್ಣಿನ ಸುತ್ತ ಬಿಳಿಯ ಬಳೆ. ಕೋಡಿಗೆ ನಾಲ್ಕು ಸುತ್ತಿನ ಹುರಿ. "ಮಾವಾ, ಒಂದು ಸಲ ಹಾರನ್ ಹೊಡೆಯಲಿ, ನೆಗೆಯುವಾಗಿನ ಚಿತ್ರ ಸಿಕ್ಕುವುದು" ಎಂದು ಅಳಿಯನು ಪಿಸುಗುಟ್ಟಿದನು. ನನಗೂ ಆಸೆಯಾಗದಿರಲಿಲ್ಲ. ಆದರೆ ಬೆದರಿದ ಹಿಂಡು ಎತ್ತ ನುಗ್ಗುವುದು? ಎಡಕ್ಕೆ ಯಾರದೋ ಕಡಲೆ, ಬಲಕ್ಕೆ ಕಟ್ಟೆಯಿಲ್ಲದ ಬಾವಿ. ಬೇಡವೆಂದೆನು. ಅವನು ನಿಂತಿದ್ದಂತೆಯೇ, ಮೋರೆಯೆತ್ತಿ ಗಾಳಿಯನ್ನು ಮೂಸುತ್ತಿದ್ದಂತೆಯೇ ತೆಗೆದೆನು. ಬೆಳಕು ಕಡಿಮೆಯಾಗಿ ಚಿತ್ರ ತುಸು ಕಾಳುಕಾಳಾಗಿದೆ.

ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಂದಾಗ ಕತ್ತಲಾಗಿತ್ತು.

ಕಡಲೆಯ ಚಿತ್ರಗಳನ್ನು ಮರುದಿನವೇ ಅಫಜಲಪುರದ ಯಜಮಾನರ ಮಗನಿಗೆ ಕಳುಹಿಸಿದೆನು. ಎಂಟು ದಿನದ ಮೇಲೆ ಅವನು ಉತ್ತರ ಬರೆದನು: ಅರ್ಜಿ ಕೊಟ್ಟಾಗಿದೆ, ಚಿಗರಿಯ ಚಿತ್ರ ಸಿಕ್ಕಿದ್ದರೆ ಅದನ್ನೂ ಕಳುಹಿಸಬೇಕು, ಅಪ್ಪನು ಕೇಳುತ್ತಿದ್ದಾನೆ. ಕಳುಹಿಸಿದೆನು. ಪರಿಹಾರದ ಸುದ್ದಿ ಇನ್ನೂ ಬಂದಿಲ್ಲ.