ಮುಟ್ಟಿ ಕಾಣ್ಕ್

ಮಳೆಗಾಲ ಮುಗಿಯುತ್ತಿದ್ದಂತೆ ಬರುವ ಭಾನುವಾರಗಳಲ್ಲಿ ನಾನು ಡೊಂಬಿವಲಿಯ ಮನೆಯಲ್ಲಿ ಸಿಗುವುದಿಲ್ಲ. ಮೆಗಾಬ್ಲಾಕ್ ಇದ್ದರೂ ಸರಿ, ಲೋಕಲ್ ಹಿಡಿದು ವೀಟಿಗೆ (ಈಗ ಸಿಎಸ್‌ಎಂಟಿ ಅನ್ನಬೇಕು, ನಮ್ಮ ಬಾಯಿಗೆ ಇನ್ನೂ ವೀಟಿಯೇ), ಅಲ್ಲಿಂದ ಬಸ್ಸಿನಲ್ಲಿ ಕೊಲಾಬಾಗೆ. ಅಲ್ಲಿ ಪಾರ್ಸಿ ಹಿರಿಯರೊಬ್ಬರ ನಲವತ್ತು ವರ್ಷದ ಹಾಯಿದೋಣಿಯಿದೆ. ಆಫೀಸಿನ ಗೆಳೆಯನ ಜೊತೆ ಸುಮ್ಮನೆ ನೋಡಲು ಹೋದವನು ಅಲ್ಲೇ ಅಂಟಿಕೊಂಡೆ. "ಭಾನುವಾರವೂ ಗ್ರೀಸ್ ಮೆತ್ತಿಕೊಂಡು ಬರ್ತೀರಲ್ಲ" ಎಂದು ಹೆಂಡತಿಯ ಗೊಣಗಾಟ.

ಮುಂಗಾರಿಗೆ ಮೊದಲು ದೋಣಿಯನ್ನು ದಡಕ್ಕೆ ಎಳೆದು ಹಾಯಿಕಂಬ ಇಳಿಸಿರುತ್ತೇವೆ. ಮತ್ತೆ ನೀರಿಗಿಳಿಸುವ ಮುಂಚೆ ಕಂಬವನ್ನು ಮಲಗಿಸಿಯೇ ತುದಿಯಿಂದ ಬುಡದವರೆಗೆ ತಪಾಸಣೆ. ಕಂಬವನ್ನು ನಿಲ್ಲಿಸುವುದು ನಾಲ್ಕೂ ಕಡೆ ಬಿಗಿದ ಉಕ್ಕಿನ ತಂತಿಹಗ್ಗಗಳು. ಅವಕ್ಕೆ ಹತ್ತಿಬಟ್ಟೆ ಸುತ್ತಿ ಎಳೆಯಬೇಕು. ಎಳೆ ಮುರಿದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದೇ ಎಳೆ ಮುರಿದಿದ್ದರೂ ಇಡೀ ತಂತಿ ಬದಲು. ತಂತಿಯ ತುದಿ ಕೂತಿರುವ ಕೊಳವೆಯಲ್ಲಿ ಬಿರುಕಿದೆಯೇ ಎಂದು ಭೂತಗನ್ನಡಿ ಹಿಡಿಯಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿಲ್ಲ ಎನ್ನುವುದು ಅಡುಗೆಮನೆಯ ನಂಬಿಕೆ. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಅದು ಹೊರಗೆ ಹೊಳೆಯುತ್ತಲೇ ಒಳಗೆ ಸವೆಯುತ್ತದೆ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ಸ್ಕ್ರೂ ಕೂತಲ್ಲಿ ಬಿಳಿ ಪುಡಿ ಕಂಡರೆ, ಅಲ್ಲಿ ಕಂಬವೇ ಕರಗುತ್ತಿದೆ ಎಂದರ್ಥ.

ಬಿರುಗಾಳಿಗೆ ಕಂಬ ಮುರಿದರೆ ಅದು ಕಡಲಿನ ಮರ್ಜಿ. 2018ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿಯವರಿಗೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹಾಗಾಯಿತು. ಬೆನ್ನಿಗೆ ಪೆಟ್ಟು ಬಿದ್ದು ಮೂರು ದಿನ ದೋಣಿಯಲ್ಲೇ ಮಲಗಿದ್ದರು. ಅವರ 'ತುರೀಯ', ನಮ್ಮ ಮುಂಬಯಿಯಲ್ಲೇ ತೇಗದಲ್ಲಿ ಕಟ್ಟಿದ 'ಸುಹೈಲಿ'ಯ ಮಾದರಿಯದು. ಆ ಸುಹೈಲಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಎಲ್ಲೂ ನಿಲ್ಲದೆ, ಒಬ್ಬರೇ, 312 ದಿನಗಳಲ್ಲಿ ಭೂಮಿ ಸುತ್ತಿದ್ದರು.

ನಮ್ಮ ಕಂಬ ಬಿದ್ದದ್ದು ಹಾಗಲ್ಲ, ನನ್ನಿಂದ. ತಂತಿಯನ್ನು ದೋಣಿಗೆ ಸೇರಿಸುವ ಪಿನ್ನು ಜಾರದಂತೆ ಒಂದು ಸಣ್ಣ ಸ್ಪ್ಲಿಟ್ ಪಿನ್ ಇರುತ್ತದೆ. ಬೆಲೆ ಕೆಲವೇ ರೂಪಾಯಿ. ಅದರ ಮೇಲೆ ಸುತ್ತಿದ ಟೇಪು ಸರಿಯಾಗಿತ್ತು. ನನಗೆ ಲೋಕಲ್ ತಪ್ಪುವ ಅವಸರ. ಬಿಚ್ಚಿ ನೋಡದೆ "ಎಲ್ಲ ಓಕೆ" ಎಂದೆ. ನವೆಂಬರಿನ ಒಂದು ಮಧ್ಯಾಹ್ನ ಗೇಟ್‌ವೇ ಎದುರಿಗೇ, ಅಂಥ ಗಾಳಿಯೂ ಇರಲಿಲ್ಲ, ಕಂಬ ಮಗುಚಿ ಗೆಳೆಯನ ಹೆಗಲಿಗೆ ಬಡಿಯಿತು. ಹಿರಿಯರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ದೇಖಾ ಥಾ, ಯಾ ಹಾಥ್ ಲಗಾಯಾ ಥಾ?"

ನೋಡಿದ್ದೆಯೋ, ಮುಟ್ಟಿದ್ದೆಯೋ? ತಲೆ ತಗ್ಗಿಸಿ ನಿಂತಾಗ ಗಂಗೊಳ್ಳಿಯ ಅಜ್ಜ ನೆನಪಾದರು. ಮಂಜಿಯಲ್ಲಿ ಹೆಂಚು ಹೇರಿಕೊಂಡು ಇದೇ ಮುಂಬಯಿಗೆ ಬರುತ್ತಿದ್ದವರು. ಮುದಿವಯಸ್ಸಿನಲ್ಲೂ ಬಾವಿಯ ಹಗ್ಗವನ್ನು ಕಣ್ಣು ಮುಚ್ಚಿ ಬೆರಳಲ್ಲಿ ಸವರಿ, "ಬರೀ ಕಂಡ್ರೆ ಸಾಕಾತಿಲ್ಲೆ ಮಗಾ, ಮುಟ್ಟಿ ಕಾಣ್ಕ್" ಅನ್ನುತ್ತಿದ್ದರು.

ಗೆಳೆಯ ಈಗಲೂ ಬರುತ್ತಾನೆ. ಬಲಗೈ ಪೂರ್ತಿ ಮೇಲೇಳುವುದಿಲ್ಲ. ಎಡಗೈಯಲ್ಲಿ ಅವನು ಟೇಪು ಬಿಚ್ಚುತ್ತಾನೆ, ನಾನು ಒಂದೊಂದೇ ಪಿನ್ನು ಮುಟ್ಟುತ್ತೇನೆ.

ಭಾನುವಾರ ರಾತ್ರಿ ಊರಿಗೆ ಫೋನು. ಹೇಗಿದ್ದೀ ಅಂದರೆ ಅಮ್ಮನದು ಯಾವಾಗಲೂ ಒಂದೇ ಉತ್ತರ: "ಎಂತ ಇಲ್ಲೆ ಮಗಾ, ಅರಾಮ." ಎಷ್ಟೋ ವರ್ಷ ಅಷ್ಟಕ್ಕೇ ಫೋನು ಇಟ್ಟಿದ್ದೇನೆ. ಈ ಸಲ ದೀಪಾವಳಿಗೆ ಮತ್ಸ್ಯಗಂಧದಲ್ಲಿ ಟಿಕೆಟ್ ಮಾಡಿಸಿದ್ದೇನೆ.