ಕ್ಲಿಕ್ಕಿನ ಮೇಲೆ ಕಟ್ಟಿದ ಗದ್ದುಗೆ

2003ರ ಆಗಸ್ಟ್. ಪರದೆ ನಿಮ್ಮನ್ನು ಒಂದು ಹೆಸರು ಕೇಳುತ್ತಿದೆ. ನಿಮ್ಮ ಹೆಸರಲ್ಲ, ನಿಮ್ಮ ದೇಶದ್ದು. ಟೈಪು ಮಾಡುತ್ತೀರಿ. ಧ್ಯೇಯವಾಕ್ಯ ಬೇಕು, ಅದನ್ನೂ ಕೊಡುತ್ತೀರಿ. ನಾಣ್ಯಕ್ಕೆ ಹೆಸರಾಯಿತು, ರಾಷ್ಟ್ರಪ್ರಾಣಿ ಗೊತ್ತಾಯಿತು, ಬಾವುಟವೂ ಸಿಕ್ಕಿತು. ಕೊನೆಯ ಗುಂಡಿ ಒತ್ತಿದ್ದೇ ತಡ, ಐವತ್ತು ಲಕ್ಷ ಪ್ರಜೆಗಳ ದೇಶವೊಂದು ಹುಟ್ಟಿತು. ಅದರ ದೊರೆ ನೀವೇ.

ಈ ಆಟಕ್ಕೆ ನೇಷನ್‌ಸ್ಟೇಟ್ಸ್ ಎಂದು ಹೆಸರು. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ‘ಜೆನಿಫರ್ ಗವರ್ನಮೆಂಟ್’ ಕಾದಂಬರಿಗೆ ಪ್ರಚಾರ ಸಿಗಲೆಂದು 2002ರ ನವೆಂಬರ್‌ನಲ್ಲಿ ಇದನ್ನು ಶುರು ಮಾಡಿದರು. ದಿನಕ್ಕೊಂದೋ ಎರಡೋ ಸಮಸ್ಯೆಗಳು ನಿಮ್ಮ ಮೇಜಿಗೆ ಬರುತ್ತವೆ. ಕಡ್ಡಾಯ ಮತದಾನ ಬೇಕೇ, ಮುಷ್ಕರಕ್ಕೆ ಅವಕಾಶ ಕೊಡಬೇಕೇ ಎಂಬಂಥವು. ನೀವು ಒಂದು ಆಯ್ಕೆಗೆ ಸಹಿ ಹಾಕುತ್ತೀರಿ. ಅದಕ್ಕೆ ತಕ್ಕಂತೆ ನಾಗರಿಕ ಹಕ್ಕು, ಆರ್ಥಿಕತೆ, ರಾಜಕೀಯ ಸ್ವಾತಂತ್ರ್ಯ ಎಂಬ ಮೂರು ಅಳತೆಗಳು ಮೇಲೆ ಕೆಳಗೆ ಆಗುತ್ತವೆ.

ಸೈನ್ಯ ಎಲ್ಲಿ ಎಂದು ಹುಡುಕಬೇಡಿ, ಇಲ್ಲ. ನಿಮ್ಮ ದೇಶ ಇನ್ನೊಂದು ದೇಶದ ಮೇಲೆ ದಂಡೆತ್ತಿ ಹೋಗಲು ಆಟದಲ್ಲಿ ದಾರಿಯೇ ಇಲ್ಲ. ಬಾಂಬು ಹಾಕುವಂತಿಲ್ಲ, ನೆಲ ಕಸಿಯುವಂತಿಲ್ಲ. ಹೀಗೆ ಯುದ್ಧವನ್ನು ಕೈಬಿಟ್ಟ ಆಟದಲ್ಲಿ ಉಳಿದದ್ದು ರಾಜಕಾರಣ ಒಂದೇ. ಆ ರಾಜಕಾರಣ ಎಷ್ಟು ನಿಜವಾಗಬಲ್ಲದು ಎಂಬುದನ್ನು ನೀವು ಇನ್ನು ಕೆಲವೇ ದಿನಗಳಲ್ಲಿ ನೋಡಲಿದ್ದೀರಿ.

ಮೊದಲು ನಿಂತ ಜಾಗ ತಿಳಿದುಕೊಳ್ಳಿ. ನಿಮ್ಮ ದೇಶ ಹುಟ್ಟಿದ್ದು ದಿ ಪೆಸಿಫಿಕ್ ಎಂಬ ಪ್ರಾಂತದಲ್ಲಿ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಪೆಸಿಫಿಕ್‌ಗಳೂ ಇವೆ. ಹೊಸ ದೇಶಗಳು ಹುಟ್ಟುವುದು ಇಂಥ ಪ್ರಾಂತಗಳಲ್ಲೇ. ಹಳಬರು ಇವನ್ನು ಫೀಡರ್ ಎನ್ನುತ್ತಾರೆ. ಆಟಗಾರರು ತಾವೇ ಕಟ್ಟಿಕೊಂಡ ಪ್ರಾಂತಗಳು ಇನ್ನೂ ಸಾವಿರಾರು. ಆದರೆ ಅಲ್ಲಿ ತಾನಾಗಿ ಯಾರೂ ಹುಟ್ಟುವುದಿಲ್ಲ, ಜನರನ್ನು ಕರೆದೊಯ್ಯಬೇಕು. ಅದಕ್ಕೇ ನೀವಿನ್ನೂ ಬಾವುಟ ನೋಡಿ ಖುಷಿಪಡುತ್ತಿರುವಾಗಲೇ ಟೆಲಿಗ್ರಾಂ ಎಂಬ ಆಟದೊಳಗಿನ ಸಂದೇಶಗಳು ಬಂದು ಬೀಳುತ್ತಿವೆ. ನಮ್ಮಲ್ಲಿಗೆ ಬನ್ನಿ, ನಮ್ಮಲ್ಲಿ ಸಂವಿಧಾನವಿದೆ, ಸಚಿವಗಿರಿ ಖಾಲಿಯಿದೆ ಎಂಬ ಧಾಟಿಯ ಆಹ್ವಾನಗಳು. ಹೊಸಬರು ಪುಕ್ಕಟೆಯಾಗಿ ಹುಟ್ಟುವ ಪ್ರಾಂತ ಯಾರ ಕೈಯಲ್ಲಿದೆಯೋ ಆಟದ ಹೆಬ್ಬಾಗಿಲು ಅವರ ಕೈಯಲ್ಲಿದ್ದಂತೆ. ಪೆಸಿಫಿಕ್ ಮೇಲೆ ಎಲ್ಲರ ಕಣ್ಣು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಈಗ ವಿಶ್ವಸಂಸ್ಥೆ ಸೇರಿ. ಹೌದು, ಈ ಆಟದಲ್ಲಿ ಅದೂ ಇದೆ. ಒಬ್ಬ ಆಟಗಾರ ಎಷ್ಟು ದೇಶ ಬೇಕಾದರೂ ಕಟ್ಟಬಹುದು. ಅಂಥ ಬಿಡಿ ದೇಶಗಳನ್ನು ಪಪೆಟ್ ಎನ್ನುತ್ತಾರೆ. ಆದರೆ ವಿಶ್ವಸಂಸ್ಥೆಗೆ ಸೇರಿಸಬಹುದಾದದ್ದು ಒಂದನ್ನು ಮಾತ್ರ. ಎರಡನೆಯದನ್ನು ತೂರಿಸಿ ಸಿಕ್ಕಿಬಿದ್ದರೆ ಹೊರಹಾಕುತ್ತಾರೆ. ಆಳಿಗೊಂದೇ ಮತ ಎಂಬ ನಿಯಮ ಉಳಿದಿರುವುದು ಇದರಿಂದಲೇ.

ಸದಸ್ಯತ್ವ ಸಿಕ್ಕಿತೇ? ಅದೇ ಪ್ರಾಂತದ ಇನ್ನೊಂದು ಸದಸ್ಯ ದೇಶದ ಪುಟಕ್ಕೆ ಹೋಗಿ. ಕೆಳಗೆ ಅನುಮೋದನೆ ಕೊಡುವ ಗುಂಡಿಯಿದೆ. ಒತ್ತಿದಿರಿ. ಆ ದೇಶಕ್ಕೆ ಒಂದು ಅನುಮೋದನೆ ಜಮೆಯಾಯಿತು. ಪ್ರಾಂತದಲ್ಲಿ ಅತಿ ಹೆಚ್ಚು ಅನುಮೋದನೆ ಪಡೆದವರೇ ಡೆಲಿಗೇಟ್. ನೂರು ಅನುಮೋದನೆಯ ಡೆಲಿಗೇಟ್‌ಗೆ ವಿಶ್ವಸಂಸ್ಥೆಯಲ್ಲಿ ನೂರೊಂದು ಮತ. ಅದಕ್ಕಿಂತ ದೊಡ್ಡ ಅಧಿಕಾರ ಇನ್ನೊಂದಿದೆ: ಬೇಡವಾದ ದೇಶವನ್ನು ಪ್ರಾಂತದಿಂದ ಉಚ್ಚಾಟಿಸಿ, ಮತ್ತೆ ಒಳಗೆ ಬಾರದಂತೆ ನಿಷೇಧಿಸುವುದು.

ಆ ಅನುಮೋದನೆಯ ಪಟ್ಟಿಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಎಷ್ಟು ಎಂಬ ಸಂಖ್ಯೆಯ ಜೊತೆಗೆ ಯಾರ್‍ಯಾರು ಎಂಬ ಹೆಸರುಗಳೂ ಸಾಲಾಗಿ ಇವೆ. ಯಾರು ಬೇಕಾದರೂ ಓದಬಹುದು. ಇಲ್ಲಿ ಗುಪ್ತ ಮತದಾನವಿಲ್ಲ. ಅವಧಿಯೂ ಇಲ್ಲ. ನೀವು ವಾಪಸ್ ಪಡೆಯುವವರೆಗೆ, ಪ್ರಾಂತವನ್ನೋ ವಿಶ್ವಸಂಸ್ಥೆಯನ್ನೋ ಬಿಡುವವರೆಗೆ ನಿಮ್ಮ ಅನುಮೋದನೆ ಅಲ್ಲೇ ಇರುತ್ತದೆ. ನೀವು ಕೊಟ್ಟದ್ದನ್ನು ಮರೆತರೂ ಅದು ಲೆಕ್ಕಕ್ಕೆ ಬರುತ್ತಲೇ ಇರುತ್ತದೆ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡಿ.

ಆಗಸ್ಟ್ ಮುಗಿಯುವ ಮೊದಲು ಪೆಸಿಫಿಕ್‌ನ ಪುಟದಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು: ಫ್ರಾಂಕೋಸ್ ಸ್ಪೇನ್. ಅದು ಒಬ್ಬ ಆಟಗಾರನ ದೇಶದ ಹೆಸರು. ಈ ಲೋಕದಲ್ಲಿ ದೇಶದ ಹೆಸರೇ ಮನುಷ್ಯನ ಹೆಸರು. ಪರದೆಯ ಆಚೆ ಯಾರಿದ್ದಾರೆ, ಯಾವ ಊರಿನವರು, ಎಷ್ಟು ವಯಸ್ಸು, ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಬರೆಯುವ ಮಾತಿಗೆ ತೂಕವಿದೆಯೇ, ಬೆನ್ನಿಗೆ ಸಂಖ್ಯಾಬಲವಿದೆಯೇ ಎಂಬುದಷ್ಟೇ ಮುಖ್ಯ.

ಹಾಲಿ ಡೆಲಿಗೇಟ್‌ನ ಸುತ್ತ ಒಂದು ಹಳೆಯ ಬಳಗವಿದೆ. ಜನಸಾಮಾನ್ಯರ ದೇಶಗಳು ಒಮ್ಮೆ ಅನುಮೋದನೆ ಕೊಟ್ಟು ತಮ್ಮ ಪಾಡಿಗೆ ಸಮಸ್ಯೆಗಳಿಗೆ ಸಹಿ ಹಾಕುತ್ತ ಕುಳಿತಿವೆ. ಅನೇಕರು ದಿನಗಟ್ಟಲೆ ಬರುವುದೇ ಇಲ್ಲ. ಇಂಥ ಪ್ರಾಂತದಲ್ಲಿ ಮೇಲೇರುವವನಿಗೆ ಒಂದೇ ಕೆಲಸ, ಅನುಮೋದನೆ ಕೂಡಿಹಾಕುವುದು.

ಹೊಸ ಡೆಲಿಗೇಟ್ ಯಾರು ಎಂಬುದು ಗುಂಡಿ ಒತ್ತಿದ ಕ್ಷಣಕ್ಕೆ ತೀರ್ಮಾನವಾಗುವುದಿಲ್ಲ. ಅದಕ್ಕೆ ಅಪ್‌ಡೇಟ್ ಆಗಬೇಕು. ನಿಗದಿತ ಹೊತ್ತಿಗೆ ಯಂತ್ರ ಒಂದೊಂದೇ ಪ್ರಾಂತದ ಲೆಕ್ಕ ತೆಗೆಯುತ್ತ ಸಾಗುತ್ತದೆ. ನಿಮ್ಮ ಪ್ರಾಂತದ ಸರದಿ ಬಂದಾಗ ಯಾರ ಹತ್ತಿರ ಎಷ್ಟಿದೆಯೋ ಅಷ್ಟೇ ಲೆಕ್ಕ. ಒಂದು ನಿಮಿಷ ಮೊದಲು ಮುಂದಿದ್ದೆ, ಒಂದು ನಿಮಿಷ ಆಮೇಲೆ ಇನ್ನಷ್ಟು ಬಂದವು ಎನ್ನುವುದಕ್ಕೆ ಬೆಲೆಯಿಲ್ಲ. ಅದಕ್ಕೇ ಆ ಹೊತ್ತಿಗೆ ನಿದ್ದೆಗೆಟ್ಟು ಕೂರುವವರಿದ್ದಾರೆ. ಸಣ್ಣ ಪ್ರಾಂತಗಳಿಗೆ ಅಪ್‌ಡೇಟಿಗೆ ಕ್ಷಣ ಮೊದಲು ಗುಂಪಾಗಿ ನುಗ್ಗಿ ಗದ್ದುಗೆ ಕಸಿಯುವ ರೇಡರ್‌ಗಳು, ಅವರನ್ನು ತಡೆಯಲು ಅಷ್ಟೇ ವೇಗವಾಗಿ ನುಗ್ಗುವ ಡಿಫೆಂಡರ್‌ಗಳು. ಪೆಸಿಫಿಕ್‌ನಂಥ ದೊಡ್ಡ ಫೀಡರ್‌ನಲ್ಲಿ ಆ ಆಟ ನಡೆಯದು. ಇಲ್ಲಿ ಗೆಲ್ಲಬೇಕಾದರೆ ಒಳಗಿನವರ ಬೆಂಬಲವೇ ಬೇಕು.

ಪರದೆಯನ್ನು ಮತ್ತೆ ತೆರೆಯಿರಿ. ಡೆಲಿಗೇಟ್ ಎಂಬ ಪದದ ಮುಂದೆ ನಿನ್ನೆಯ ಹೆಸರಿಲ್ಲ. ಫ್ರಾಂಕೋಸ್ ಸ್ಪೇನ್ ಎಂದಿದೆ.

ಪ್ರಾಂತದ ಪುಟದಲ್ಲಿ ವಿದ್ಯಮಾನಗಳ ಪಟ್ಟಿ ಇದೆ. ಇಂಥ ದೇಶ ಬಂತು, ಇಂಥ ದೇಶ ಹೋಯಿತು ಎಂಬ ಒಣ ಸಾಲುಗಳು. ಈಗ ಅಲ್ಲಿ ಬೇರೆ ಬಗೆಯ ಸಾಲುಗಳು ಸೇರುತ್ತಿವೆ. ಇಂಥ ದೇಶವನ್ನು ಫ್ರಾಂಕೋಸ್ ಸ್ಪೇನ್ ಹೊರಹಾಕಿದರು, ಇನ್ನೊಂದು ದೇಶವನ್ನೂ ಹೊರಹಾಕಿದರು. ಹಳೆಯ ಆಡಳಿತದವರು, ಅವರ ಪರ ನಿಂತವರು ಉಚ್ಚಾಟನೆಯಾಗುತ್ತಿದ್ದಾರೆ. ಹೊರಬಿದ್ದವರೆಲ್ಲ ಸೇರುವ ಜಾಗ ದಿ ರಿಜೆಕ್ಟೆಡ್ ರೆಲ್ಮ್ಸ್. ಎಲ್ಲ ಪ್ರಾಂತಗಳಿಂದ ಓಡಿಸಲ್ಪಟ್ಟವರ ಬೀಡು ಅದು. ಅಲ್ಲಿನ ಡೆಲಿಗೇಟ್‌ಗೆ ಯಾರನ್ನೂ ಓಡಿಸುವ ಅಧಿಕಾರವಿಲ್ಲ.

ಈಗ ನಿಮ್ಮ ಎದೆ ಡವಡವ ಎನ್ನುತ್ತಿದೆ. ಹಳೆಯ ಡೆಲಿಗೇಟ್‌ಗೆ ನೀವೂ ಅನುಮೋದನೆ ಕೊಟ್ಟಿದ್ದಿರಿ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಈಗಲೂ ಇದೆ, ಹೊಸ ದೊರೆ ಅದನ್ನು ಓದಬಲ್ಲರು. ಉಳಿಸಿಕೊಂಡರೆ ಉಚ್ಚಾಟನೆಯ ಭಯ. ಹಿಂತೆಗೆದುಕೊಂಡರೆ ಹಳಬರಿಗೆ ಬೆನ್ನು ತೋರಿಸಿದಂತೆ. ಎದುರಾಳಿಗೆ ಬೆಂಬಲ ಕೊಡೋಣವೆಂದರೆ ಕೊಟ್ಟ ಮರುಕ್ಷಣ ಅದು ಬಯಲು. ಉಚ್ಚಾಟನೆಯಾದವರ ಅನುಮೋದನೆ ಪ್ರಾಂತದೊಳಗೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬಂಡಾಯದ ಬಾವುಟ ಹಿಡಿದ ಪ್ರತಿಯೊಬ್ಬರೂ ಹೊರಬಿದ್ದಾಗ ಬಂಡಾಯದ ಬಲವೂ ಒಂದರಷ್ಟು ಕುಗ್ಗುತ್ತದೆ.

ಪದಚ್ಯುತರು ಸುಮ್ಮನಿರಲಿಲ್ಲ. ದೇಶಭ್ರಷ್ಟರಾಗಿ ಸಂಘಟಿತರಾದರು. ಫ್ರಾಂಕೋಸ್ ಸ್ಪೇನ್ ಗದ್ದುಗೆ ಹಿಡಿದದ್ದು ಬಂಡಾಯವೋ ಕೊಳ್ಳೆಯೋ ಎಂಬ ವಾದ ಆಟದ ಉದ್ದಗಲಕ್ಕೂ ಹಬ್ಬಿತು. ಹೊರಗಿನಿಂದ ನುಗ್ಗಿದವರು ನೇಟಿವ್‌ಗಳನ್ನು, ಅಂದರೆ ಅಲ್ಲಿನ ಮೂಲನಿವಾಸಿಗಳನ್ನು, ಸಾರಾಸಗಟಾಗಿ ಓಡಿಸಬಾರದೆಂದು ಮಾಡರೇಟರ್‌ಗಳು ಕಾಯುತ್ತಿದ್ದ ಕಾಲ ಅದು. ಆದರೆ ಇಲ್ಲಿ ಅಧಿಕಾರ ಹಿಡಿದದ್ದು ಒಳಗಿನ ಅನುಮೋದನೆಯ ಬಲದಿಂದಲೇ. ನಿಯಮದ ಪ್ರಕಾರ ಅನುಮೋದನೆ ಹೆಚ್ಚಿದ್ದವರು ಡೆಲಿಗೇಟ್. ಅಷ್ಟೇ. ಅಲೈಯನ್ಸ್ ಡಿಫೆನ್ಸ್ ನೆಟ್‌ವರ್ಕ್‌ನಂಥ ಡಿಫೆಂಡರ್ ಕೂಟಗಳು ಹೊಸ ಆಡಳಿತಕ್ಕೆ ವರ್ಷಗಟ್ಟಲೆ ಎದುರಾಳಿಯಾಗಿ ನಿಂತವು.

ಬರೀ ಉಚ್ಚಾಟನೆಯಿಂದ ಈ ಗದ್ದುಗೆ ಉಳಿಯಿತು ಎಂದುಕೊಂಡರೆ ತಪ್ಪಾದೀತು. ಫ್ರಾಂಕೋಸ್ ಸ್ಪೇನ್ ತಮ್ಮ ಆಡಳಿತಕ್ಕೆ ನ್ಯೂ ಪೆಸಿಫಿಕ್ ಆರ್ಡರ್ ಎಂದು ಹೆಸರಿಟ್ಟರು, ಅದರ ಬೆನ್ನಿಗೆ ಒಂದು ಸಿದ್ಧಾಂತವನ್ನೂ ನಿಲ್ಲಿಸಿದರು. ಮಾರ್ಕ್ಸ್‌ವಾದದ ವರ್ಗಸಂಘರ್ಷದ ಚೌಕಟ್ಟನ್ನು ಆಟಕ್ಕೆ ತಂದ ಆ ಚಿಂತನೆಗೆ ಫ್ರಾಂಕೋಯಿಸಂ ಎಂಬ ಹೆಸರು ನಿಂತಿತು. ಅದರ ತಿರುಳು ಸರಳ. ಆಟಗಾರರು ಕಟ್ಟಿದ ಪ್ರಾಂತಗಳು ಫೀಡರ್‌ಗಳಲ್ಲಿ ಹುಟ್ಟಿದ ಜನರನ್ನು ಎಳೆದೊಯ್ದು ಬೆಳೆಯುತ್ತವೆ. ನಷ್ಟ ಫೀಡರ್‌ಗಳಿಗೆ, ಲಾಭ ಅವರಿಗೆ. ಆದ್ದರಿಂದ ಫೀಡರ್‌ಗಳು ಎಚ್ಚೆತ್ತು ತಮ್ಮ ಸಾರ್ವಭೌಮತ್ವವನ್ನು ತಾವೇ ಕಾಯ್ದುಕೊಳ್ಳಬೇಕು.

ನಿನ್ನೆ ಹುಟ್ಟಿದ ನಿಮಗೆ ಇದು ಹೇಗೆ ಕೇಳಿಸುತ್ತದೆ? ನಿಮ್ಮ ಟೆಲಿಗ್ರಾಂ ಪೆಟ್ಟಿಗೆ ಆಹ್ವಾನಗಳಿಂದ ತುಂಬಿ ತುಳುಕುತ್ತಿದೆ. ಅವೆಲ್ಲ ಸ್ನೇಹವಲ್ಲ, ಶೋಷಣೆ ಎಂದು ಈಗ ಒಬ್ಬರು ಹೇಳುತ್ತಿದ್ದಾರೆ. ನೀವು ದಾರಿಹೋಕರಲ್ಲ, ಈ ನೆಲದವರು ಎನ್ನುತ್ತಿದ್ದಾರೆ. ಹೊಸ ದೊರೆ ನಿಮಗೆ ಹೆಮ್ಮೆ ಕೊಡುತ್ತಿದ್ದಾರೆ. ಬಲಪ್ರಯೋಗದಿಂದ ಬಂದ ಆಡಳಿತ ನೆಲೆಯೂರುವುದೇ ಹೀಗೆ. ಮೊದಲು ಎದುರಾಳಿಗಳನ್ನು ಹೊರಹಾಕುತ್ತದೆ, ಆಮೇಲೆ ಉಳಿದವರಿಗೆ ಉಳಿಯಲು ಒಂದು ಕಾರಣ ಕೊಡುತ್ತದೆ.

ಮುಂದಿನ ಕಥೆ ಬೇಗ ಹೇಳಬಹುದು. ಫ್ರಾಂಕೋಸ್ ಸ್ಪೇನ್ ಬಳಿಕ ಇವಾನ್ ಮೊಲ್ದಾವಿ ಗದ್ದುಗೆಗೆ ಬಂದರು. 2006ರಲ್ಲಿ ಸೈಬರ್ ನೇಷನ್ಸ್ ಎಂಬ ಇನ್ನೊಂದು ಆಟ ಶುರುವಾದಾಗ ನ್ಯೂ ಪೆಸಿಫಿಕ್ ಆರ್ಡರ್ ಅಲ್ಲಿಗೂ ಕಾಲಿಟ್ಟು ಬಲಾಢ್ಯ ಕೂಟವಾಗಿ ಬೆಳೆಯಿತು. 2009ರ ದೊಡ್ಡ ಯುದ್ಧದಲ್ಲಿ ಅಲ್ಲಿ ಸೋತು ಹಿಮ್ಮೆಟ್ಟಿತು. ಅತ್ತ ನೇಷನ್‌ಸ್ಟೇಟ್ಸ್ 2006ರಲ್ಲೇ ಪ್ರಭಾವ ಎಂಬ ಹೊಸ ಲೆಕ್ಕವನ್ನು ತಂದಿತು. ಪ್ರಾಂತದಲ್ಲಿ ಹೆಚ್ಚು ಕಾಲ ನೆಲೆಸಿ ಅನುಮೋದನೆ ಗಳಿಸಿದಷ್ಟೂ ದೇಶದ ಪ್ರಭಾವ ಬೆಳೆಯುತ್ತದೆ. ಅಂಥ ಹಳಬರನ್ನು ಓಡಿಸಬೇಕಾದರೆ ಡೆಲಿಗೇಟ್ ತನ್ನ ಪ್ರಭಾವವನ್ನು ಖರ್ಚು ಮಾಡಬೇಕು. ಬೇಕಾದವರನ್ನು ಬೇಕಾದಾಗ ಪುಕ್ಕಟೆಯಾಗಿ ಹೊರದೂಡುವ ಕಾಲ ಅಲ್ಲಿಗೆ ಮುಗಿಯಿತು. 2008ರಲ್ಲಿ ನಿಜವಾದ ವಿಶ್ವಸಂಸ್ಥೆಯೇ ತನ್ನ ಹೆಸರು ಬಳಸಬೇಡಿ ಎಂದು ಮ್ಯಾಕ್ಸ್ ಬ್ಯಾರಿಗೆ ಪತ್ರ ಬರೆಯಿತು. ಆಟದ ಸಂಸ್ಥೆ ಅಂದಿನಿಂದ ವರ್ಲ್ಡ್ ಅಸೆಂಬ್ಲಿ ಆಯಿತು.

ಆಟ ಇಂದಿಗೂ ನಡೆದಿದೆ. ಈಗ ದಿನಕ್ಕೆರಡು ಅಪ್‌ಡೇಟ್. ಭಾರತದ ಗಡಿಯಾರದಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು. ಸರಿಯಾದ ಹೊತ್ತಿಗೆ ಕೂತರೆ ಗದ್ದುಗೆಗಳು ಕೈಬದಲಾಗುವುದನ್ನು ನೀವೇ ನೋಡಬಹುದು. ಎರಡು ದಶಕ ಕಳೆದರೂ ಪೆಸಿಫಿಕ್ ಮಾತ್ರ ನ್ಯೂ ಪೆಸಿಫಿಕ್ ಆರ್ಡರ್‌ನ ಕೈಯಲ್ಲೇ ಉಳಿದಿದೆ.

ಇದು ಆಟವಷ್ಟೇ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೇನೆ, ಹಣ, ಜಾತಿ, ಪೊಲೀಸು ಯಾವುದೂ ಇಲ್ಲದ ಜಾಗದಲ್ಲೂ ಅಧಿಕಾರ ಒಂದೇ ಕಡೆ ಹೆಪ್ಪುಗಟ್ಟಿತು. ಕಾರಣ ಎರಡೇ: ಯಾರು ಯಾರ ಬೆಂಬಲಕ್ಕಿದ್ದಾರೆ ಎಂಬುದು ಆಳುವವರಿಗೆ ಕಾಣುತ್ತಿತ್ತು, ಒಮ್ಮೆ ಕೊಟ್ಟ ಬೆಂಬಲಕ್ಕೆ ಕೊನೆಯ ದಿನಾಂಕ ಇರಲಿಲ್ಲ. ನಮ್ಮ ಚುನಾವಣೆಗಳಲ್ಲಿ ನೂರು ಕೊರತೆ ಇರಬಹುದು. ಆದರೆ ನಮ್ಮ ಮತ ಗುಪ್ತವಾಗಿದೆ, ಐದು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಕೇಳಿ ಪಡೆಯಬೇಕು. ಈ ಎರಡನ್ನು ಸಡಿಲಿಸುವ ಮಾತು ಯಾವ ಪಕ್ಷದಿಂದ, ಎಷ್ಟೇ ಒಳ್ಳೆಯ ನೆಪದಲ್ಲಿ ಬಂದರೂ ಒಪ್ಪಬೇಡಿ. ನಿಮ್ಮ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಬೈಯುವ ಬದಲು ಪಕ್ಕದಲ್ಲಿ ಕುಳಿತು, ಡೆಲಿಗೇಟ್ ಯಾರು, ಅವರನ್ನು ಇಳಿಸುವುದು ಹೇಗೆ ಎಂದು ಕೇಳಿ. ಪೌರನೀತಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.